ಹೆಣ್ಣುಮಕ್ಕಳ ಹೆಸರು: ಶಬ್ದಾರ್ಥ ಮತ್ತು ಸಂದರ್ಭ

ಕನ್ನಡ ಜನಪದರು ಹೆಣ್ಣುಮಕ್ಕಳಿಗೆ ಇಡುವ ಹೆಸರುಗಳ ಅಧ್ಯಯನವು ಬಹುಮಟ್ಟಿಗೆ ವರ್ಗೀಕರಣದಲ್ಲಿಯೇ ನಿಂತುಬಿಡುತ್ತದೆ. ಸವದತ್ತಿಯ ಎಲ್ಲಮ್ಮನಿಂದ ಎಲ್ಲವ್ವ, ಹುಲಿಗಿಯ ದೇವತೆಯಿಂದ ಹುಲಿಗೆವ್ವ, ಗ್ರಾಮದೇವತೆಯಿಂದ ದ್ಯಾಮವ್ವ ಎಂಬ ದೇವತಾನಾಮಗಳು ಇಂತಹ ವರ್ಗೀಕರಣಕ್ಕೆ ಸುಲಭವಾಗಿ ಒಗ್ಗುತ್ತವೆ. ಒಗ್ಗದಿರುವ ಹೆಸರುಗಳಲ್ಲಿ ಸಾಕಮ್ಮ, ತಿಪ್ಪಮ್ಮ ಮುಖ್ಯವಾದವು.

ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ ಕಡೆಯ ಕೂಸಿಗೆ ಸಾಕಮ್ಮ ಅಥವಾ ಸಾಕವ್ವ ಎಂದು ಹೆಸರಿಡುವ ರೂಢಿಯಿತ್ತು. ಇನ್ನು ಹೆಣ್ಣು ಸಾಕು, ಮುಂದಿನದು ಗಂಡಾಗಲಿ ಎಂಬುದು ಅದರ ಆಶಯ. ಬೇಡಿಕೆ ದೇವರಿಗೆ ಸಲ್ಲುವಂಥದು. ಅದನ್ನು ಆಯುಷ್ಯವಿಡೀ ಹೊರುವವಳು ಮಾತ್ರ ಆ ಮಗು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಈ ಹೆಸರನ್ನು ಉಸುರುವವಳು ಸೋದರತ್ತೆ, ಅಂದರೆ ಅದೇ ಮನೆಯಲ್ಲಿ ಹುಟ್ಟಿದ ಇನ್ನೊಬ್ಬ ಹೆಣ್ಣುಮಗಳು ಎಂಬುದು ಗಮನಾರ್ಹ. ಈ ಮನೋಧರ್ಮ ಕನ್ನಡಕ್ಕಷ್ಟೇ ಸೀಮಿತವಲ್ಲ. ಮರಾಠಿಯ ‘ನಕುಶಿ’ ಎಂದರೆ ಬೇಡವಾದವಳು. 2011ರಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ 285 ಹೆಣ್ಣುಮಕ್ಕಳಿಗೆ ಸಾರ್ವಜನಿಕ ಸಮಾರಂಭದಲ್ಲಿ ಹೊಸ ಹೆಸರುಗಳನ್ನು ಇಡಲಾಯಿತು.

ಆದರೆ ಸಾಕಮ್ಮಂದಿರೆಲ್ಲರನ್ನೂ ಈ ಪಟ್ಟಿಗೆ ಸೇರಿಸುವುದು ಆತುರದ ತೀರ್ಮಾನವಾದೀತು. ‘ಸಾಕು’ ಎಂಬುದಕ್ಕೆ ಸಲಹು ಎಂಬ ಅರ್ಥವೂ ಉಂಟು. ಸಾಕುಮಗಳು, ಸಾಕುತಾಯಿ ಎಂಬ ಪ್ರಯೋಗಗಳು ಬಳಕೆಯಲ್ಲಿವೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟಾಗಲಂತೂ ಈ ಎರಡೂ ಅರ್ಥಗಳು ಹಿಂದೆ ಸರಿದು ಹಿರಿಯಳ ನೆನಪೊಂದೇ ಉಳಿಯುತ್ತದೆ. ಕಾಫಿ ಪುಡಿಯ ಉದ್ಯಮದಿಂದ ಪ್ರಸಿದ್ಧರಾದ ಬೆಂಗಳೂರಿನ ಸಾಕಮ್ಮನವರ ಹೆಸರಿನಲ್ಲಿ ಯಾರಿಗೂ ತಿರಸ್ಕಾರದ ಧ್ವನಿ ಕೇಳಿಸಿರಲಾರದು.

ತಿಪ್ಪಮ್ಮನ ಅರ್ಥ ಇನ್ನೂ ತಿರುವುಮುರುವಾದುದು. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬಿಸಾಡಿದ್ದನ್ನು ಎತ್ತಿಕೊಂಡು ಬಂದಂತೆ ಒಳಗೆ ತರುತ್ತಿದ್ದರು. ಕಸವೆಂದು ಕರೆದುದನ್ನು ಸಾವೂ ಮುಟ್ಟದು ಎಂಬ ನಂಬಿಕೆ ಇದರ ಹಿಂದಿದೆ. ಕಲ್ಲವ್ವ, ಗುಂಡವ್ವ ಎಂಬ ಹೆಸರುಗಳಲ್ಲಿಯೂ ಕಲ್ಲಿನಂತೆ ಉಳಿಯಲಿ ಎಂಬ ಹಾರೈಕೆ ಇರುವುದುಂಟು. ಕೇಳಲು ಹೀನವೆನಿಸುವ ಈ ಹೆಸರು ವಾಸ್ತವವಾಗಿ ಉಳಿಯಲೇಬೇಕಾದ ಮಗುವಿನದು. ಕೇಳಲು ನಿರುಪದ್ರವಿಯಾದ ಸಾಕಮ್ಮ ಎಷ್ಟೋ ವೇಳೆ ಬೇಡವಾದವಳದು. ಚಿತ್ರದುರ್ಗದ ಸೀಮೆಯಲ್ಲಿ ಮತ್ತೊಂದು ತೊಡಕಿದೆ. ಅಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬ ಹೆಸರುಗಳು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಬಂದವಾಗಿರಬಹುದು. ಹೆಸರು ಇಟ್ಟವರನ್ನು, ಅವರಿಲ್ಲವಾದರೆ ಆ ಮನೆಯ ಹಿರಿಯ ಹೆಂಗಸರನ್ನು ವಿಚಾರಿಸದೆ ಕೇವಲ ಮತದಾರರ ಪಟ್ಟಿಯನ್ನೋ ಶಾಲಾ ದಾಖಲೆಯನ್ನೋ ಆಧರಿಸಿ ಅರ್ಥ ಹೇಳಹೊರಡುವುದು ಈ ಕಾರಣದಿಂದ ಅಪಾಯಕಾರಿ.

ಅಪರೂಪದ ಸಂಸ್ಕೃತ ಹೆಸರುಗಳನ್ನು ಪುಸ್ತಕಗಳಲ್ಲಿ ಹುಡುಕಿ ಇಡುವ ಇಂದಿನ ತಾಯ್ತಂದೆಯರು ಈ ಹೆಸರುಗಳಿಂದ ದೂರ ಸರಿದಿದ್ದಾರೆ. ಶಾಲೆಗೆ ಸೇರಿಸುವಾಗ ತಿಪ್ಪಮ್ಮ ಸುನಂದೆಯಾದದ್ದೂ ಉಂಟು. ಮನೆಯೊಳಗೆ ಮಾತ್ರ ಆಕೆ ತಿಪ್ಪಿಯಾಗಿಯೇ ಉಳಿದಿರುತ್ತಾಳೆ.