ನಿಮ್ಮ ಪ್ಯಾಕೆಟ್ ಎಸೆಯೋ ಅಧಿಕಾರ ಯಾರದ್ದು?

ವಿಡಿಯೋ ಕಾಲ್ ಮಧ್ಯೆ ಮಾತು ಕಟ್ ಆದ್ರೆ ನಾವೆಲ್ಲ ಏನಂತೀವಿ? ನೆಟ್‌ವರ್ಕ್ ಸರಿ ಇಲ್ಲ ಅಂತೀವಿ. ಆದರೆ ನಿಮ್ಮ ಮಾತಿನ ಆ ತುಂಡನ್ನು ದಾರಿ ಮಧ್ಯೆ ಒಂದು ಯಂತ್ರ ಬೇಕಂತಲೇ ಎಸೆದಿರಬಹುದು. ಅದೇ ರೂಟರ್.

ಇಂಟರ್‌ನೆಟ್‌ನಲ್ಲಿ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಓಡಾಡುತ್ತೆ. ರೂಟರ್ ವಿಳಾಸ ನೋಡಿ ಮುಂದಕ್ಕೆ ಕಳಿಸುತ್ತೆ, ಜಾಗ ಇಲ್ಲದಿದ್ದರೆ ಒಂದಷ್ಟನ್ನು ಬಿಸಾಡುತ್ತೆ. ಯಾವುದನ್ನು ಬಿಸಾಡಬೇಕು ಅನ್ನೋದನ್ನ ಯಾರು ತೀರ್ಮಾನಿಸೋದು? 1990ರ ದಶಕದಲ್ಲಿ ಬಹುಮಟ್ಟಿಗೆ ರೂಟರ್ ಮಾಡಿದ ಕಂಪನಿಯೇ. ಕಾಸು ಕೊಟ್ಟು ಕೊಂಡವನು ಕಂಪನಿ ಕೊಟ್ಟ ಸೆಟ್ಟಿಂಗ್‌ಗಳನ್ನು ತಿರುಗಿಸಬಹುದಿತ್ತು, ಒಳಗಿನ ಕೆಲಸದ ರೀತಿಯನ್ನು ಬದಲಿಸುವಂತಿರಲಿಲ್ಲ.

ಅಮೆರಿಕದ ಎಂಐಟಿಯಲ್ಲಿ ಎಡ್ಡಿ ಕೋಹ್ಲರ್, ರಾಬರ್ಟ್ ಮಾರಿಸ್ ಮತ್ತು ಸಂಗಡಿಗರು ಈ ಪೆಟ್ಟಿಗೆಯನ್ನು ಬಿಚ್ಚಿದರು. 1999ರಲ್ಲಿ ಅವರು ಲೋಕದ ಮುಂದಿಟ್ಟ ಸಾಫ್ಟ್‌ವೇರ್ ಹೆಸರು 'ಕ್ಲಿಕ್'. (ಈ ಮಾರಿಸ್ ಯಾರು ಗೊತ್ತಾ? 1988ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಒಂದು 'ವರ್ಮ್' ಹರಿಬಿಟ್ಟು ಸಾವಿರಾರು ಕಂಪ್ಯೂಟರ್ ಮಲಗಿಸಿ, ಕೋರ್ಟಿನಲ್ಲಿ ಶಿಕ್ಷೆ ಪಡೆದವರು. ಮುಂದೆ ಅದೇ ಎಂಐಟಿಯಲ್ಲಿ ಪ್ರೊಫೆಸರ್!)

ಕ್ಲಿಕ್‌ನಲ್ಲಿ ರೂಟರ್ ಅಂದ್ರೆ ಚಿಕ್ಕ ಚಿಕ್ಕ ಸಾಫ್ಟ್‌ವೇರ್ ತುಂಡುಗಳ ಜೋಡಣೆ. ಒಂದು ತುಂಡಿಗೆ ಒಂದೇ ಕೆಲಸ. ಒಂದು ಪ್ಯಾಕೆಟ್‌ನ ತಲೆಬರಹ ಸರಿ ಇದೆಯಾ ಅಂತ ನೋಡುತ್ತೆ, ಇನ್ನೊಂದು ದಾರಿ ಹುಡುಕುತ್ತೆ, ಮತ್ತೊಂದು ಸಾಲಿನಲ್ಲಿ ನಿಲ್ಲಿಸುತ್ತೆ. ಯಾವುದರ ಮುಂದೆ ಯಾವುದು ಅಂತ ನೀವೇ ಒಂದು ಫೈಲಿನಲ್ಲಿ ಬರೆದರಾಯ್ತು.

ನಮ್ಮ ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ಅಡುಗೆಮನೆಯವರು ದೋಸೆ ಆದ ಹಾಗೆ ಕೌಂಟರ್‌ಗೆ ತಳ್ಳುತ್ತಾರೆ, ಗಿರಾಕಿ ಬಂದಾಗ ಎಳೆದುಕೊಳ್ಳುತ್ತಾನೆ. ಕ್ಲಿಕ್‌ನಲ್ಲೂ ಹಾಗೇ: ಬಂದ ಪ್ಯಾಕೆಟ್ ತಳ್ಳಿಸಿಕೊಂಡು ಸಾಲಿಗೆ ಬರುತ್ತೆ, ಹೊರಗೆ ಕಳಿಸೋ ಕಡೆ ಪುರುಸೊತ್ತಾದಾಗ ಅಲ್ಲಿಂದ ಎಳೆದುಕೊಳ್ಳುತ್ತೆ. ಕೌಂಟರ್ ತುಂಬಿತು ಅಂತ ದೋಸೆ ಯಾರೂ ಎಸೆಯಲ್ಲ, ರೂಟರ್ ಎಸೆಯುತ್ತೆ. ಎಸೆಯುವ ಆ ನಿಯಮ ಇಷ್ಟವಿಲ್ಲವಾ? ಸರಿಯಾದ ಜಾಗದಲ್ಲಿ ಒಂದೆರಡು ತುಂಡು ಸೇರಿಸಿ. ಎಲ್ಲರಿಗೂ ಸಮಪಾಲು ಸಿಗೋ ಹಾಗೂ ಮಾಡಬಹುದು, ಕೆಲವರಿಗೆ ಮೊದಲ ಮಣೆ ಹಾಕಲೂಬಹುದು. ಸಾಫ್ಟ್‌ವೇರ್‌ಗೆ ನ್ಯಾಯ ಅನ್ಯಾಯ ಗೊತ್ತಿಲ್ಲ ನೋಡಿ.

ಇಷ್ಟೊಂದು ತುಂಡು ದಾಟೋ ಹೊತ್ತಿಗೆ ನಿಧಾನ ಆಗಲ್ವಾ ಅಂತ ಯಾರಾದರೂ ಕೇಳೇ ಕೇಳ್ತಾರೆ. ಅವರ ರೂಟರ್‌ನಲ್ಲಿ ಪ್ಯಾಕೆಟ್ ದಾಟಬೇಕಿದ್ದದ್ದು 16 ತುಂಡು. ಆದರೂ ಆ ಕಾಲದ ಮಾಮೂಲಿ ಪಿಸಿಯಲ್ಲಿ, ಒಂದನ್ನೂ ಕಳೆಯದೆ, ಸೆಕೆಂಡಿಗೆ 3,33,000 ಪುಟ್ಟ ಪ್ಯಾಕೆಟ್‌ಗಳನ್ನು ಸಾಗಿಸಿತು! ಗುಟ್ಟು ಸರಳ. ಪ್ರತಿ ಪ್ಯಾಕೆಟ್‌ಗೂ ಕಾಲಿಂಗ್ ಬೆಲ್ ಹೊಡೆಸಿಕೊಂಡು ಎದ್ದು ಓಡುವ ಬದಲು, ಬಂದಿದೆಯಾ ಅಂತ ಕಂಪ್ಯೂಟರೇ ಆಗಾಗ ಇಣುಕಿ ನೋಡುತ್ತಿತ್ತು.

ಎಂಐಟಿಯವರು ಇದೇ ಕ್ಲಿಕ್ ಬಳಸಿ ಕೇಂಬ್ರಿಡ್ಜ್ ಊರಿನ ಮನೆಗಳ ಛಾವಣಿ ಮೇಲೆ 'ರೂಫ್‌ನೆಟ್' ಎಂಬ ವೈರ್‌ಲೆಸ್ ಜಾಲ ಕಟ್ಟಿದರು. ಅದರಿಂದ ಹುಟ್ಟಿದ ಕಂಪನಿ ಮೆರಾಕಿ. 2012ರಲ್ಲಿ ಅದನ್ನು 120 ಕೋಟಿ ಡಾಲರ್ ಕೊಟ್ಟು ಕೊಂಡದ್ದು ಯಾರು? ರೂಟರ್ ಲೋಕದ ದೊಡ್ಡಣ್ಣ ಸಿಸ್ಕೋ. ಇವತ್ತು ಮೆರಾಕಿ ಪೆಟ್ಟಿಗೆ ಕೊಂಡವರು ಕಾಲಕಾಲಕ್ಕೆ ಲೈಸೆನ್ಸ್ ನವೀಕರಿಸಬೇಕು. ಕ್ಲಿಕ್ ಮಾತ್ರ ಈಗಲೂ ಪುಕ್ಕಟೆ, ಬೇಕಾದವರು ಇಳಿಸಿಕೊಂಡು ಬಿಚ್ಚಿ ನೋಡಬಹುದು.