ನಕ್ಷೆಯ ಬಣ್ಣ, ಉದ್ಯೋಗದ ಲೆಕ್ಕ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದು ಗುರುತಿಸಿತು. ತಾಂತ್ರಿಕ ಉದ್ಯೋಗದ ಅಂತರವನ್ನೂ ಹೀಗೆಯೇ ತಾಲ್ಲೂಕುವಾರು ಗಣಕ ನಕ್ಷೆಯಲ್ಲಿ ಕಾಣಬಹುದು. ಆದರೆ ಓದುವಾಗ ಎಚ್ಚರ ಅಗತ್ಯ.

ಒಟ್ಟು ಸಂಖ್ಯೆಯನ್ನಷ್ಟೇ ಆಯ್ದರೆ ಬೆಂಗಳೂರು ಉಳಿದೆಲ್ಲವನ್ನೂ ಮಂಕಾಗಿಸುತ್ತದೆ; ಸಾವಿರ ದುಡಿಯುವವರಿಗೆ ಇಷ್ಟೆಂದು ಆಯ್ದರೆ ಹೋಲಿಕೆ ಸಾಧ್ಯವಾಗುತ್ತದೆ. ಜಿಲ್ಲಾ ಸರಾಸರಿಯೂ ದಾರಿ ತಪ್ಪಿಸಬಲ್ಲದು. ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಉದ್ಯೋಗಗಳು ಅವಿಭಜಿತ ಬಳ್ಳಾರಿಯ ಲೆಕ್ಕಕ್ಕೆ ಸೇರಿ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂತಹ ಹೋಬಳಿಗಳ ಸ್ಥಿತಿಯನ್ನು ಮರೆಮಾಡುತ್ತಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಕಾರ್ಖಾನೆ ಬಳ್ಳಾರಿಯಲ್ಲೇ ಉಳಿಯಿತು. ಒಂದು ಹುದ್ದೆಯೂ ಕದಲದೆ ಲೆಕ್ಕ ಬದಲಾಯಿತು.

ಫಿಟ್ಟರ್, ವೆಲ್ಡರ್‌ಗಳನ್ನು ಅರಸುವ ಸಣ್ಣ ಉದ್ಯಮಿಯು ಉದ್ಯೋಗದ ನಕ್ಷೆಯ ಪಕ್ಕದಲ್ಲಿ ಐಟಿಐ ತರಬೇತಿಯ ನಕ್ಷೆಯನ್ನೂ ಇರಿಸಿಕೊಳ್ಳಬೇಕು. ತರಬೇತಿ ಹೆಚ್ಚು, ಕೆಲಸ ಕಡಿಮೆ ಇರುವ ತಾಲ್ಲೂಕಿನಿಂದಲೇ ಕುಶಲ ಕೈಗಳು ಗುಳೆ ಹೋಗುತ್ತವೆ. ಹೊಸ ಘಟಕಕ್ಕೆ ಜಾಗ ಹುಡುಕಬೇಕಾದುದೂ ಅಲ್ಲಿಯೇ.