ಕುಕ್ಕರ್ ಕೂಗುವ ಮನೆಯಲ್ಲಿ

ಮಗುವಿಗೆ ಎರಡು ತುಂಬಿದರೂ ಮಾತು ಬರಲಿಲ್ಲವೆಂದರೆ ನಮ್ಮಲ್ಲಿ ಮೊದಲು ಬಜೆ ತೇಯುತ್ತಾರೆ. ‘ಇವನಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಆದರೆ ಹೆಸರು ಹಿಡಿದು ಕರೆದರೆ ತಿರುಗದ, ಬೆರಳು ತೋರಿ ಕೇಳದ, ಅಮ್ಮನ ಕೈಯನ್ನೇ ಎಳೆದು ಬಿಸ್ಕತ್ತಿನ ಡಬ್ಬಿಯ ಮೇಲಿಡುವ ಮಗುವಿದ್ದರೆ ಅದು ಆಟಿಸಂ ಇರಬಹುದು, ಕಾಯುತ್ತ ಕೂರಬಾರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತಪಾಸಣೆಯಾಗುತ್ತದೆ, ಥೆರಪಿಗೂ ದಾರಿ ಸಿಗುತ್ತದೆ. ಥೆರಪಿ ಅಂದರೆ ಬಹುತೇಕರಿಗೆ ವಾರಕ್ಕೆ ಕೆಲವೇ ತಾಸು. ಉಳಿದ ಹೊತ್ತೆಲ್ಲ ಮಗು ಇರುವುದು ಮನೆಯಲ್ಲಿ. ಈ ಅಧ್ಯಾಯ ಆ ಉಳಿದ ಹೊತ್ತಿನದು.

ಮಗುವನ್ನು ತಿದ್ದಲು ಹೊರಡುವ ಮುಂಚೆ ಮನೆಯನ್ನು ಒಮ್ಮೆ ನೋಡಿ. ಬೆಳಿಗ್ಗೆ ಎಂಟರ ಹೊತ್ತಿಗೆ ಕುಕ್ಕರ್ ಕೂಗುತ್ತದೆ, ಮಿಕ್ಸಿಯಲ್ಲಿ ಚಟ್ನಿ ತಿರುಗುತ್ತದೆ, ಟೀವಿಯಲ್ಲಿ ಸುದ್ದಿ, ಇದರ ಮೇಲೆ ‘ಬೇಗ ಬೇಗ’ ಎಂಬ ಕೂಗು. ನಮಗೆ ಕೇಳಿಯೂ ಕೇಳಿಸದ ಈ ಗದ್ದಲ ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೋವಿನಷ್ಟೇ ನಿಜ. ಕಿವಿ ಮುಚ್ಚಿಕೊಂಡು ಚೀರುವ ಹುಡುಗನಿಗೆ ‘ಹಠಮಾರಿ’ ಎಂಬ ಹೆಸರು ಬೀಳುತ್ತದೆ. ಚಟ್ನಿಯನ್ನು ಅವನು ಏಳುವ ಮುಂಚೆ ರುಬ್ಬಿಟ್ಟರೆ, ಮಿಕ್ಸಿ ಹಾಕುವ ಮುನ್ನ ‘ಈಗ ಸದ್ದು ಬರುತ್ತೆ’ ಎಂದು ತೋರಿಸಿ ಹೇಳಿದರೆ, ಟೀವಿ ಆರಿಸಿದರೆ ಅರ್ಧ ರಂಪ ಇಳಿಯುವ ಮನೆಗಳುಂಟು. ಅಂಗಿಯ ಕತ್ತಿನ ಲೇಬಲ್ ಚುಚ್ಚುತ್ತಿದೆಯೇ, ಟ್ಯೂಬ್‌ಲೈಟ್ ಮಿನುಗುತ್ತಿದೆಯೇ, ಅದನ್ನೂ ನೋಡಿ. ಇಷ್ಟು ದಿನ ಸುಮ್ಮನಿದ್ದ ಮಗು ಒಮ್ಮೆಲೇ ತಲೆ ಚಚ್ಚಿಕೊಳ್ಳತೊಡಗಿದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯೇ ಎಂದು ಮೊದಲು ವೈದ್ಯರಿಂದ ನೋಡಿಸಬೇಕು. ಹೇಳಲು ಬಾಯಿಲ್ಲದ ನೋವು ಹೀಗೂ ಹೊರಬರುತ್ತದೆ.

ಇನ್ನು ದಿನಚರಿ. ‘ಇನ್ನೈದು ನಿಮಿಷ’ ಎಂಬುದು ಇಂಥ ಮಗುವಿಗೆ ಬರೀ ಸದ್ದು. ಹಲ್ಲುಜ್ಜುವುದು, ಸ್ನಾನ, ಯೂನಿಫಾರ್ಮ್, ತಿಂಡಿ, ಆಟೊ, ಹೀಗೆ ನಿಮ್ಮ ಮನೆಯದೇ ಫೋಟೊ ತೆಗೆದು ಸಾಲಾಗಿ ಗೋಡೆಗೆ ಅಂಟಿಸಿ; ಮುಗಿದದ್ದನ್ನು ಅವನೇ ಕಿತ್ತು ಡಬ್ಬಿಗೆ ಹಾಕಲಿ. ನಿಮ್ಮ ಬಚ್ಚಲಿನ ಫೋಟೊ ಇಂಟರ್ನೆಟ್ಟಿನ ಬಚ್ಚಲಿಗಿಂತ ಮೇಲು. ‘ಮೊದಲು ಸ್ನಾನ, ಆಮೇಲೆ ಜೋಕಾಲಿ’ ಎಂದು ಎರಡೇ ಚಿತ್ರ ತೋರಿಸಿದರೂ ಸಾಕು, ಆದರೆ ಸ್ನಾನವಾದ ಮೇಲೆ ಜೋಕಾಲಿ ಸಿಗಲೇಬೇಕು. ಆಟೊ ಬಾರದ ದಿನಕ್ಕೆಂದು ‘ಇವತ್ತು ಬೇರೆ’ ಎಂಬ ಚೀಟಿಯೊಂದನ್ನೂ ಮಾಡಿಡಿ. ಅದನ್ನು ಮೊದಲ ಸಲ ತೋರಿಸುವುದು ಒಳ್ಳೆಯ ಸುದ್ದಿಗೇ ಆಗಿರಲಿ.

ಮಾತಿನ ವಿಷಯ ಸೂಕ್ಷ್ಮ. ಬಾಯಾರಿದ ಹುಡುಗಿ ಬಂದು ‘ನೀರು ಬೇಕಾ?’ ಎಂದು ನಿಮ್ಮನ್ನೇ ಕೇಳುತ್ತಾಳೆ. ತಲೆಹರಟೆಯಲ್ಲ, ನೀರು ಸಿಕ್ಕಾಗಲೆಲ್ಲ ಅವಳ ಕಿವಿಗೆ ಬಿದ್ದದ್ದು ಆ ಮಾತೇ. ನಗದೆ, ತಿದ್ದದೆ, ಅವಳ ಪರವಾಗಿ ‘ನೀರು ಬೇಕು’ ಎಂದು ಹೇಳಿ ಲೋಟ ಕೈಗಿಡಿ. ಚಿತ್ರ ಕೊಟ್ಟು ಕೇಳುವುದು, ಟ್ಯಾಬ್‌ನಲ್ಲಿ ಒತ್ತಿ ಕೇಳುವುದು ಕೂಡ ಮಾತೇ. ಅದರಿಂದ ಬಾಯಿಮಾತು ನಿಂತುಹೋಗುತ್ತದೆಂಬ ಭಯ ಬೇಡ.

ಬೆಂಗಳೂರಿನಲ್ಲೂ ಅಮೆರಿಕದಲ್ಲೂ ಕನ್ನಡದ ಮನೆಗಳಿಗೆ ಸಿಗುವ ಒಂದು ಸಲಹೆ ನನಗೆ ಸಿಟ್ಟು ತರಿಸುತ್ತದೆ: ಮಗು ಗೊಂದಲಗೊಳ್ಳುತ್ತದೆ, ಇಂಗ್ಲಿಷ್ ಒಂದೇ ಆಡಿ ಎಂಬುದು. ಎರಡು ಭಾಷೆಯ ಮನೆಯ ಆಟಿಸಂ ಮಕ್ಕಳು ಅದರಿಂದ ನುಡಿಯಲ್ಲಿ ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಅಜ್ಜಿಗೆ ಬಾರದ ಭಾಷೆಯನ್ನು ಮನೆಗೆ ತಂದು ಅಜ್ಜಿಯನ್ನು ಮೂಕಿಯಾಗಿಸಿ ಮಗುವಿಗೆ ಮಾತು ಕಲಿಸುವುದು ಯಾವ ನ್ಯಾಯ?

ಮದುವೆಮನೆಗೆ ಹೋಗಲೇಬೇಕಾದಾಗ ಜನ ಸೇರುವ ಮುಂಚೆ ಹೋಗಿ, ಬಾಗಿಲ ಪಕ್ಕ ಕೂತು, ಗಟ್ಟಿಮೇಳ ಶುರುವಾಗುವ ಮುನ್ನ ಯಾರಾದರೂ ಒಬ್ಬರು ಮಗುವನ್ನು ಹೊರಗೆ ಕರೆದೊಯ್ಯಲಿ. ಇಷ್ಟಾದರೂ ರಂಪವಾದರೆ ಮಾತು ಕಡಿಮೆ ಮಾಡಿ, ಸುತ್ತ ನೆರೆದವರನ್ನು ಚದುರಿಸಿ. ‘ಏನಾಯ್ತು ಪುಟ್ಟಾ?’ ಎಂದು ಹತ್ತು ಬಾಯಿ ಕೇಳುವುದು ಬೆಂಕಿಗೆ ತುಪ್ಪ.

ಆಗ ನೆಂಟರ ಕಣ್ಣು ತಿರುಗುವುದು ತಾಯಿಯ ಕಡೆಗೆ. ಈ ಚಾಳಿ ಹಳೆಯದು. ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದು ಆಟಿಸಂ ಅನ್ನು ಗುರುತಿಸಿದ ಮೇಲೆ, ತಾಯಂದಿರ ತಣ್ಣನೆಯ ಮನಸ್ಸೇ ಇದಕ್ಕೆ ಕಾರಣವೆಂಬ ವಾದ ದಶಕಗಳ ಕಾಲ ನಡೆಯಿತು. ಅದು ಸುಳ್ಳೆಂದು ಗೊತ್ತಾಗಿ ಬಹಳ ಕಾಲವಾಯಿತು. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ಪ್ರಬಂಧವನ್ನೂ ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅಪವಾದದಲ್ಲಿ ಬೆಂದವರ ಬಳಿಗೇ ಗುಣಪಡಿಸುತ್ತೇವೆನ್ನುವ ಜಾಹೀರಾತುಗಳು ಬರುತ್ತವೆ. ಕಾಂಡಕೋಶದ ಚುಚ್ಚುಮದ್ದಿಗೆ ಒಡವೆ ಅಡವಿಡಬೇಡಿ, ಆಟಿಸಂಗೆ ಅದು ಒಪ್ಪಿತ ಚಿಕಿತ್ಸೆಯಲ್ಲ.

ಓಡಾಟಕ್ಕೆ ತಕ್ಕ ಕೆಲಸ ಬೇರೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯ ಪ್ರಮಾಣಪತ್ರ ಹಾಗೂ ಯುಡಿಐಡಿ ಎಂಬ ಗುರುತಿನ ಕಾರ್ಡ್ ಮಾಡಿಸಿಕೊಂಡರೆ ಹಲವು ಸೌಲಭ್ಯಗಳಿಗೆ ಬಾಗಿಲು ತೆರೆಯುತ್ತದೆ. 1999ರ ಕಾಯ್ದೆಯಡಿ ಹುಟ್ಟಿದ ರಾಷ್ಟ್ರೀಯ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗಿನದು. ಮಗುವಿಗೆ 18 ತುಂಬಿದ ಮೇಲಿನ ಪಾಲಕತ್ವದ ಅರ್ಜಿಗೂ ಇದೇ ಕಾಯ್ದೆಯಡಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರುತ್ತದೆ.

ನೆರೆಯವರಿಗೆ, ನೆಂಟರಿಗೆ ಒಂದು ಮಾತು. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ‘ಭಾನುವಾರ ಹತ್ತರಿಂದ ಹನ್ನೆರಡು ನಾನಿರುತ್ತೇನೆ’ ಎನ್ನಿ. ಅದಕ್ಕೂ ಮುಂಚೆ ಒಂದೆರಡು ಸಲ ಹೋಗಿ ಸುಮ್ಮನೆ ಪಕ್ಕದಲ್ಲಿ ಕೂತು ಬನ್ನಿ: ಮಗು ಯಾವ ಲೋಟದಲ್ಲಿ ನೀರು ಕುಡಿಯುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಬಾಗಿಲ ಚಿಲಕ ತೆಗೆದು ಹೊರಗೆ ಓಡುವ ಅಭ್ಯಾಸವಿದೆಯೇ ಎಂದು ತಾಯಿಯಿಂದ ಕೇಳಿ ತಿಳಿದುಕೊಳ್ಳಿ. ಆ ಎರಡು ತಾಸನ್ನು ಆಕೆ ನಿದ್ದೆಗೆ ಬಳಸುತ್ತಾಳೋ, ಅಣ್ಣನಿಗೆ ಲೆಕ್ಕ ಹೇಳಿಕೊಡುತ್ತಾಳೋ, ಅದು ಆಕೆಗೆ ಬಿಟ್ಟದ್ದು.